ಬಾಯಿಪಾಠ ಮಾಡಿದ ಬೋರ್ಡು

ಆಗ ಬೊಮ್ಮಸಂದ್ರದ ಔಷಧಿ ಕಾರ್ಖಾನೆಯಲ್ಲಿ ನನ್ನ ಕೆಲಸವೆಂದರೆ ನೋಡುವುದು, ಅಷ್ಟೇ. ಇಂಜೆಕ್ಷನ್ನಿನ ಪುಟ್ಟ ಬಾಟಲಿಗಳನ್ನು ಟ್ಯೂಬ್‌ಲೈಟಿನ ಕೆಳಗೆ ಒಂದೊಂದಾಗಿ ಎತ್ತಿ, ಒಳಗೆ ಕೂದಲೋ ಧೂಳೋ ಗಾಜಿನ ಚೂರೋ ತೇಲುತ್ತಿದೆಯೇ ಎಂದು ನೋಡಬೇಕು. ಕಂಡರೆ ಪಕ್ಕಕ್ಕೆ, ಕಾಣದಿದ್ದರೆ ಟ್ರೇಗೆ. ಆರು ತಿಂಗಳಿಗೊಮ್ಮೆ ನಮ್ಮ ಕಣ್ಣನ್ನೂ ಪರೀಕ್ಷಿಸುತ್ತಿದ್ದರು. ಗೋಡೆಯ ಮೇಲಿನ ಅಕ್ಷರದ ಬೋರ್ಡು ಮಾತ್ರ ವರ್ಷಗಳಿಂದ ಅದೇ. ಕೊನೆಯ ಸಾಲು ನಮಗೆಲ್ಲ ಬಾಯಿಪಾಠ. ಕ್ಯಾಂಟೀನಿನಲ್ಲಿ ಅದನ್ನು ಮಗ್ಗಿಯ ಹಾಗೆ ಹೇಳಿಕೊಂಡು ನಗುತ್ತಿದ್ದೆವು.

ಒಂದು ಸಲ ಬಲಗಣ್ಣು ಮುಚ್ಚಿದರೆ ಬೋರ್ಡಿನ ನಡುವೆ ಬರೀ ಮಸಿ ಒರೆಸಿದಂಥ ಕಲೆ. ಆದರೂ ಕೊನೆಯ ಸಾಲನ್ನು ಗಡಗಡ ಒಪ್ಪಿಸಿದೆ. ಕಣ್ಣು ಸರಿಯಿಲ್ಲವೆಂದರೆ ಪ್ಯಾಕಿಂಗಿಗೆ ಹಾಕುತ್ತಾರೆ, ಅಲ್ಲಿ ದಿನವಿಡೀ ನಿಂತೇ ಇರಬೇಕು. ನನಗೆ ಕೂತು ಮಾಡುವ ಕೆಲಸ ಬೇಕಿತ್ತು.

ಎಷ್ಟೋ ತಿಂಗಳ ಮೇಲೆ, ಬಸ್ಸಿನ ಕಂಬಿಯೇ ಸೊಟ್ಟಗೆ ಕಾಣತೊಡಗಿದಾಗ ಡಾಕ್ಟರ ಹತ್ತಿರ ಹೋದೆ.

"ಕಣ್ಣಿನ ಹಿಂದಿನ ಪರದೆಗೆ ಉರಿಯೂತ ಆಗಿ ಊದ್ಕೊಂಡಿದೆ. ಚಿಕ್ಕದೊಂದು ಸ್ಟೀರಾಯ್ಡ್ ಕಡ್ಡಿ ಕಣ್ಣೊಳಗೇ ಇಡ್ತೀವಿ. ಅದು ಕೆಲವು ತಿಂಗಳು ನಿಧಾನವಾಗಿ ಕರಗ್ತಾ ಔಷಧಿ ಬಿಡುತ್ತೆ," ಎಂದರು.

"ಕಣ್ಣೊಳಗಾ?" ಎಂದೆ. ಬಾಟಲಿಯೊಳಗಿನ ಧೂಳಿನ ಕಣಕ್ಕೇ ರಂಪ ಮಾಡುತ್ತಿದ್ದವಳ ಕಣ್ಣಲ್ಲಿ ಒಂದು ಕಡ್ಡಿ!

ಕಡ್ಡಿ ಇಡುವ ದಿನ ಕಣ್ಣು ಮರಗಟ್ಟಿಸುವ ಹನಿ ಹಾಕಿ ಮಲಗಿಸಿದರು. ಸಿಸ್ಟರ್ ಕವರ್ ಹರಿದು, ಕಡ್ಡಿ ತುಂಬಿದ್ದ ಸೂಜಿಯನ್ನು ತೆಗೆದರು. ಅಭ್ಯಾಸಬಲ ನೋಡಿ, "ಒಂದ್ಸಲ ಲೈಟಿಗೆ ಹಿಡೀರಿ ಸಿಸ್ಟರ್," ಎಂದುಬಿಟ್ಟೆ.

"ಎಲ್ಲಾ ಚೆಕ್ ಮಾಡೇ ಕಳಿಸಿರ್ತಾರಮ್ಮ," ಎಂದು ಅವರು ನಕ್ಕರು.

ಚೆಕ್ ಮಾಡಿದವರು ಯಾರು? ನನ್ನಂಥವಳೇ ಯಾರೋ ತಾನೇ. ಅವಳೂ ಬೋರ್ಡು ಬಾಯಿಪಾಠ ಮಾಡಿದ್ದರೆ? ಎದ್ದು ಕೂರಲು ಹೋದೆ. ಸೂಜಿಗೆ ಹೆದರಿದ್ದೇನೆಂದುಕೊಂಡು ಡಾಕ್ಟರ್ ಸಮಾಧಾನ ಹೇಳಿದರು. ಟಕ್ ಎಂದು ಸದ್ದಾಯಿತು, ಮುಗಿಯಿತು. ನೋವೇನೂ ಆಗಲಿಲ್ಲ.

ಹೊರಗಿನ ಬೆಂಚಿನಲ್ಲಿ ಕೂತು ಸೂಪರ್‌ವೈಸರ್‌ಗೆ ಫೋನು ಮಾಡಿದೆ. "ಸಾರ್, ನಾನು ನೋಡಿದ ಟ್ರೇಗಳನ್ನೆಲ್ಲ ಇನ್ನೊಂದ್ಸಲ ನೋಡಿಸಿ. ನಂಗೆ ಎಡಗಣ್ಣು ಸರಿಯಾಗಿ ಕಾಣ್ತಿರ್ಲಿಲ್ಲ."

"ಯಾವಾಗಿಂದಮ್ಮ?" ಎಂದರು.

"ಹೋದ್ಸಲದ ಟೆಸ್ಟಿಗೂ ಮುಂಚೆಯಿಂದ."

"ಆ ಬಾಟಲಿಗಳೆಲ್ಲ ಆಸ್ಪತ್ರೆ ಸೇರಿ ಎಷ್ಟು ತಿಂಗಳಾಯ್ತಮ್ಮ," ಎಂದರು.