ಅಂಟಿನ ಮೇಲಿನ ಅಂಗೈ

ಶಕುನ, ಸೂಚನೆ, ದೆವ್ವ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಅಳೆಯಲಾಗದ್ದನ್ನು ನಂಬಬಾರದು ಎಂಬುದು ನನ್ನ ಶಿಸ್ತು. ಈಗಲೂ ಅದನ್ನು ಬಿಟ್ಟಿಲ್ಲ. ಆದರೆ ಚೆನ್ನೈನಲ್ಲಿ ಕಂಡ ಆ ಗುರುತನ್ನು ನಾನು ಅಳೆದೂ ಇದ್ದೇನೆ. ತೊಂದರೆ ಅದೇ.

ಕೆಲವು ವರ್ಷಗಳ ಹಿಂದಿನ ಮಾತು. ನಿವೃತ್ತಿಯಾದ ಮೇಲೂ ಒಂದು ಮೇಲ್ಸೇತುವೆಯ ಕೆಲಸಕ್ಕೆ ಸಲಹೆಗಾರನಾಗಿದ್ದೆ. ಕೆಳಗೆ ಕೋಯಂಬೇಡು ಮಾರುಕಟ್ಟೆಗೆ ಹೋಗುವ ತರಕಾರಿ ಲಾರಿಗಳು. ಮೇಲೆ, ಯಾರ್ಡಿನಲ್ಲಿ ಎರಕ ಹೊಯ್ದು ತಂದ ಕಾಂಕ್ರೀಟ್ ತುಂಡುಗಳನ್ನು ಜೋಡಿಸುವ ಕೆಲಸ. ಒಂದು ತುಂಡಿನ ಮುಖದಲ್ಲಿ ಹಲ್ಲುಗಳಿರುತ್ತವೆ, ಪಕ್ಕದ್ದರಲ್ಲಿ ಅವು ಕೂರುವ ಗುಳಿಗಳು. ನಡುವೆ ಎಪಾಕ್ಸಿ ಅಂಟು ಸವರಿ, ಉಕ್ಕಿನ ಸರಳುಗಳಿಂದ ಎಳೆದು ಬಿಗಿಯುತ್ತಾರೆ. ವಾಹನಗಳ ಭಾರಕ್ಕೆ ತುಂಡುಗಳು ಕೆಳಕ್ಕೆ ಜಾರದಂತೆ ಹಿಡಿಯುವುದು ಆ ಹಲ್ಲುಗಳು ಮತ್ತು ಆ ಅಂಟು. ಒಮ್ಮೆ ಬಿಗಿದ ಮೇಲೆ ಒಳಗೇನಿದೆ ಎಂದು ಯಾರೂ ನೋಡಲಾರರು.

ಆ ಬೆಳಿಗ್ಗೆ ಅಂಟು ಸವರಿ ಮುಗಿದಿತ್ತು. ಅದು ಗಟ್ಟಿಯಾಗುವುದರೊಳಗೆ ಬಿಗಿಯಬೇಕು. ನನ್ನ ವಾಡಿಕೆಯಂತೆ ಟಾರ್ಚ್ ಹಿಡಿದು ಕೊನೆಯ ಸಲ ನೋಡಿದೆ. ನಡುವಿನ ಹಲ್ಲಿನ ಮೇಲೆ, ಹಸಿ ಅಂಟಿನಲ್ಲಿ, ಬರಿಗೈಯ ಅಚ್ಚು. ಅಂಗೈಯ ಗೆರೆಗಳೂ ಕಾಣುತ್ತಿದ್ದವು.

"ಯಾರ್ರೀ ಗ್ಲೌಸ್ ಬಿಚ್ಚಿದ್ದು?" ಎಂದು ಗದರಿದೆ.

ಸೈಟ್ ಎಂಜಿನಿಯರ್ ರಂಗರಾಜನ್ ವೆಸ್ಟ್ ಮಾಂಬಲಂನ ಹಳೆಯ ಕನ್ನಡ ಮನೆತನದ ಹುಡುಗ. "ಮೇಲೆ ಇನ್ನೊಂದು ಕೈ ಸವರಿಬಿಟ್ರೆ ಶರಿಹೋಗತ್ತೆ ಸಾರ್. ಟೈಮ್ ಇಲ್ಲ" ಎಂದ.

"ಮೊದಲು ಎಲ್ಲರೂ ಕೈ ತೋರಿಸ್ರಪ್ಪ."

ಎಪಾಕ್ಸಿ ಚರ್ಮಕ್ಕೆ ಹತ್ತಿದರೆ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಕೆಲಸಗಾರರು, ರಂಗರಾಜನ್, ಎಲ್ಲರೂ ಸಾಲಾಗಿ ನಿಂತು ಅಂಗೈ ಚಾಚಿದರು. "ಮದರಂಗಿ ಚೆನ್ನಾಗಿ ಹತ್ತಿದೆಯಾ ನೋಡಿ ಸಾರ್" ಎಂದು ರಂಗರಾಜನ್ ನಕ್ಕ. ಒಂದು ಕೈಯಲ್ಲೂ ಕಲೆಯಿರಲಿಲ್ಲ. ನನ್ನದರಲ್ಲೂ.

ಅಚ್ಚಿದ್ದಲ್ಲಿ ಅಂಟು ತೆಳುವಾಗಿತ್ತು. ಮೇಲೆ ಸವರಿ ಮುಚ್ಚಲು ನನಗೆ ಮನಸ್ಸಾಗಲಿಲ್ಲ. ತುಂಡನ್ನು ಹಿಂದಕ್ಕೆ ಸರಿಸಿ ಪೂರ್ತಿ ಕೆರೆಯಿರಿ ಎಂದೆ. ಕೆರೆಯುವ ಮೊದಲು ಟೇಪು ಹಿಡಿದು ಅಚ್ಚನ್ನು ಅಳೆದೆ. ಎಡಗೈಯದು. ಏಕೋ ನನ್ನ ಎಡಗೈಯನ್ನೇ ಅದರ ಎದುರು ಹಿಡಿದು ನೋಡಿದೆ. ನನ್ನ ಕಿರುಬೆರಳು ಚಿಕ್ಕಂದಿನಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡದ್ದು. ಅಚ್ಚಿನ ಕಿರುಬೆರಳೂ ಅದೇ ಕಡೆಗೆ ಸೊಟ್ಟ.

ರಂಗರಾಜನ್ ಅದನ್ನು ನೋಡಿದ. ಈ ಸಲ ನಗಲಿಲ್ಲ.

ಅಂಟು ಕೆರೆದಾಗ ಆ ಹಲ್ಲಿನ ಬುಡದಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಉಳಿ ತಾಗಿಸಿದೊಡನೆ ಹಲ್ಲು ಕಳಚಿ ಬಂತು. ತುಂಡನ್ನು ಕೆಳಗಿಳಿಸಿ ವಾಪಸು ಕಳಿಸಿದೆವು.

ನಾನೇ ಮುಟ್ಟಿ ಮರೆತಿರಬೇಕು ಎನ್ನುತ್ತಾಳೆ ನನ್ನ ಹೆಂಡತಿ. ಹಾಗಾದರೆ ನನ್ನ ಕೈ ಹೇಗೆ ಸ್ವಚ್ಛವಾಗಿತ್ತು?

ಈಗ ಆ ಸೇತುವೆಯ ಮೇಲೆ ಬಸ್ಸುಗಳು ಓಡುತ್ತವೆ. ಉಳಿದ ಜೋಡಣೆಗಳನ್ನೂ ನಾನೇ ಟಾರ್ಚ್ ಹಿಡಿದು ನೋಡಿ ಒಪ್ಪಿದ್ದು. ಅಲ್ಲೆಲ್ಲೂ ಯಾವ ಗುರುತೂ ಇರಲಿಲ್ಲ. ಅದರಿಂದ ಸಮಾಧಾನಪಟ್ಟುಕೊಳ್ಳಬಹುದೋ ಇಲ್ಲವೋ, ಅದನ್ನು ಮಾತ್ರ ಇಂದಿಗೂ ತೀರ್ಮಾನಿಸಲಾಗಿಲ್ಲ.