ಒಣ ಇದ್ದಿಲು

ವಿಮಾನದ ಎಣ್ಣೆಯಲ್ಲಿ ನೀರು ಸೇರಿದರೆ ಎಂಜಿನ್ನಿನ ಉರಿ ಕೆಡುತ್ತದೆ, ಅದಕ್ಕೇ ಅದನ್ನು ಮತ್ತೆ ಮತ್ತೆ ಪರೀಕ್ಷೆ ಮಾಡುತ್ತಾರೆ ಎಂದು ಮೊಮ್ಮಗ ಮೊನ್ನೆ ನನಗೆ ಪಾಠ ಹೇಳಿದ. ನನಗೆ ಹೇಳಬೇಕೇ! ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ರಾಯಚೂರಿನಿಂದ ಮಾನ್ವಿಗೆ ಹೋಗುವ ಬಸ್ಸು ಇದ್ದಿಲ ಗ್ಯಾಸಿನಿಂದ ಓಡುತ್ತಿತ್ತು. ಬಸ್ಸಿನ ಬೆನ್ನಿಗಿದ್ದ ಕಬ್ಬಿಣದ ಡ್ರಮ್ಮಿಗೆ ಇದ್ದಿಲು ತುಂಬಿ ಬೆಂಕಿ ಹಚ್ಚುವ ಕೆಲಸ ನನ್ನದು.

ಇದ್ದಿಲನ್ನು ದೇವದುರ್ಗದ ಕಡೆ ಮಸರಕಲ್ಲಿನಲ್ಲಿ ನಮ್ಮ ಕೇರಿಯವರೇ ಸುಡುತ್ತಿದ್ದರು. ಜಾಲಿ ಕಟ್ಟಿಗೆಯದಾದರೆ ಕಾವು ಬಹಳ ಹೊತ್ತು ಉಳಿಯುತ್ತದೆ. ಅರೆಬರೆ ಸುಟ್ಟದ್ದಾದರೆ ಹೊಗೆಯ ಜಿಡ್ಡು ಎಂಜಿನ್ನಿಗೆ ಗ್ಯಾಸು ಹೋಗುವ ಕೊಳವೆಗೆ ಹತ್ತುತ್ತದೆ, ಪುಡಿ ಹೆಚ್ಚಾದರೆ ಗಾಳಿಯಾಡುವುದಿಲ್ಲ. ಅಷ್ಟೆಲ್ಲ ಆರಿಸಿ ತುಂಬಿದರೂ ಆ ಹಾಳು ಬಸ್ಸು ಕಲ್ಲೂರು ಮುಟ್ಟುವ ಮೊದಲೇ ನಿಂತುಬಿಡುತ್ತಿತ್ತು. ಜನ ಇಳಿದು ತಳ್ಳುತ್ತಿದ್ದರು, ತಳ್ಳುತ್ತಲೇ ನನ್ನನ್ನು ಬೈಯುತ್ತಿದ್ದರು. ಡ್ರಮ್ಮಿನ ಬೆಂಕಿ ಊದುವ ಗಾಳಿಯ ಪಂಖ ತಿರುಗಿಸಿ ತಿರುಗಿಸಿ ನನ್ನ ರಟ್ಟೆಗಳು ಬಿದ್ದುಹೋಗುತ್ತಿದ್ದವು.

“ಇನ್ನೊಮ್ಮಿ ನಿಂತರ ನೀ ಬರೋದು ಬ್ಯಾಡ. ಬ್ಯಾರೆ ಮಂದಿ ಅದಾರ,” ಎಂದರು ಬಸ್ಸಿನ ಮಾಲೀಕರು. ಈ ಕೆಲಸ ಹೋದರೆ ನಾನೂ ಮಸರಕಲ್ಲಿಗೆ ಹೋಗಿ ಇದ್ದಿಲ ಹೊಗೆಯಲ್ಲಿ ಕೂರಬೇಕಿತ್ತು. ಅಲ್ಲಿ ಅಪ್ಪನ ಕಣ್ಣುಗಳು ಆಗಲೇ ಮಂಜಾಗಿದ್ದವು.

ಮರುದಿನ ಇದ್ದಿಲು ತರಲು ಬೇಗ ಹೋದೆ. ಮಾಲೀಕರ ಮನೆಯ ಹಿತ್ತಲಲ್ಲಿ ಅವರ ತಾಯಿ ಇದ್ದಿಲ ಚೀಲಗಳ ಮೇಲೆ ಕೊಡದಿಂದ ನೀರು ಸುರಿಯುತ್ತಿದ್ದರು. ಅದೇ ಇದ್ದಿಲು ಅವರ ಒಲೆಗೂ ಹೋಗುತ್ತಿತ್ತು. ನಮ್ಮವರು ಮುಟ್ಟಿದ್ದಕ್ಕೆ ಅದು ನಿತ್ಯದ ಶುದ್ಧಿ. ಚೀಲದ ತೇವವನ್ನು ನಾನು ಅಷ್ಟು ದಿನ ಇಬ್ಬನಿ ಎಂದುಕೊಂಡಿದ್ದೆ.

“ಯವ್ವಾ, ಹಸಿ ಇದ್ದಲಿ ಹಾಕಿದ್ರ ಬರೇ ಉಗಿ ಏಳ್ತದ್ರಿ, ಬಸ್ ಎಳಿಯಂಗಿಲ್ರಿ. ನನ್ನ ಕೆಲಸ ಹೋಗ್ತದ್ರಿ,” ಎಂದೆ ದೂರದಿಂದಲೇ.

“ನೀರು ಹಾಕ್ದ ಹೆಂಗ ಮುಟ್ಟಲೋ ಯಪ್ಪಾ?”

ಕೆಟ್ಟವರೇನಲ್ಲ. ನನ್ನ ಮುಖ ನೋಡಿ ಕೊಡ ಕೆಳಗಿಟ್ಟರು. “ಆತು, ಬಸ್ಸಿನ ಚೀಲಕ್ಕ ಹಾಕಂಗಿಲ್ಲ. ಅವು ಬ್ಯಾರೆ ಇರ್ಲಿ. ನೀನ ಬಂದು ಒಯ್ಯಿ.”

ಹಸಿ ಚೀಲಗಳನ್ನು ಬಿಸಿಲಿಗೆ ಹರವಿ, ಅಂದು ನೀರು ಬೀಳದ ಹೊಸ ಚೀಲ ಒಯ್ದೆ. ಬಸ್ಸು ಎಲ್ಲೂ ನಿಲ್ಲದೆ ಮಾನ್ವಿ ಸೇರಿತು. ಮಾಲೀಕರು ಶಭಾಸ್ ಎಂದರು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡು ಮಲಗಿದೆ.

ಮರುಬೆಳಗ್ಗೆ ಚೀಲ ಹೆಗಲಿಗೇರಿಸಿ ಹಿತ್ತಲಿಂದ ಹೊರಟವನಿಗೆ ಹಿಂದೆ ನೀರಿನ ಸಪ್ಪಳ ಕೇಳಿಸಿತು. ತಿರುಗಿ ನೋಡಿದೆ. ನಾನು ನಿಂತಿದ್ದ ನೆಲವನ್ನು ಆ ತಾಯಿ ತೊಳೆಯುತ್ತಿದ್ದರು. ಸಿಟ್ಟು ಬಂತು. ಬಸ್ಸಿಗೆ ಹೊತ್ತಾಗುತ್ತಿತ್ತು, ನಡೆದೆ.