ಸಂಭಾಳಿಸುವುದಕ್ಕೂ ಅಂಕ

ನಮ್ಮವರು ಯಲಬುರ್ಗಾ ಹತ್ತಿರದ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮಾಸ್ತರರಾಗಿದ್ದರು. ಇನ್‌ಸ್ಪೆಕ್ಟರ್ ಬರುತ್ತಾರೆಂದರೆ ಹಿಂದಿನ ದಿನವೇ ಶಾಲೆಯಲ್ಲಿ ತಾಲೀಮು ಶುರು. ಕರಿಹಲಗೆಗೆ ಹೊಸ ಮಸಿ, ಮಕ್ಕಳ ತಲೆಗೆ ಎಣ್ಣೆ. ಉತ್ತರ ಬಾರದ ಹುಡುಗರೂ ಕೈ ಎತ್ತಬೇಕು, ಎದ್ದು ಹೇಳುವವನು ಮಾತ್ರ ಮೊದಲೇ ಗೊತ್ತುಮಾಡಿಟ್ಟವನು. ಸಾಹೇಬರು ಚಹಾ ಕುಡಿದು, ನಕ್ಕು, ‘ಉತ್ತಮ’ ಎಂದು ಬರೆದು ಹೋಗುತ್ತಿದ್ದರು. ಮನೆಗೆ ಬಂದು ನಮ್ಮವರು ಹೇಳುವರು, “ಸಾಹೇಬ್ರಿಗೆ ಎಲ್ಲಾ ಗೊತ್ತಿರತೈತಿ. ಅವರೂ ಒಂದು ಕಾಲಕ್ಕ ಮಾಸ್ತರ ಆಗಿದ್ದವರ ಅಲ್ಲೇನು?”

ಕೊಪ್ಪಳ ಜಿಲ್ಲೆಯಾಗಿ ಕೆಲವು ವರ್ಷಗಳಾಗಿದ್ದವು. ಕುಷ್ಟಗಿ ರಸ್ತೆಯಲ್ಲಿ ಅವರ ಬೈಕಿಗೆ ಎಮ್ಮೆ ಅಡ್ಡ ಬಂತು. ತಲೆಯೊಳಗೆ ರಕ್ತ ಹೆಪ್ಪುಗಟ್ಟಿ, ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿ, ಜೀವ ಉಳಿಯಿತು. ನೋಡಲು ಬಂದವರೆಲ್ಲ ದೇವಿ ಹುಲಿಗೆಮ್ಮ ಕೈ ಹಿಡಿದಾಳ ಎಂದು ಬಾಳೆಹಣ್ಣು ಇಟ್ಟು ಹೋದರು. ಉಳಿದು ಬಂದವರು ಯಾರು ಎಂದು ಮಾತ್ರ ಯಾರೂ ನೋಡಲಿಲ್ಲ. ಮಗ್ಗಿ ಮರೆತಿರಲಿಲ್ಲ, ಆದರೆ ಆಗಷ್ಟೇ ಉಂಡದ್ದು ಮರೆಯುತ್ತಿದ್ದರು. ಸಾರು ಬಿಸಿಯಾಗಿದ್ದರೆ ತಟ್ಟೆ ಗೋಡೆಗೆ ಹೋಗುತ್ತಿತ್ತು. ಕುಕ್ಕರ್ ಸೀಟಿ ಹೊಡೆದರೆ ಕಿವಿ ಮುಚ್ಚಿಕೊಂಡು ಮೂಲೆಯಲ್ಲಿ ಕೂತು ಅಳುತ್ತಿದ್ದರು. ಹುಡುಗರನ್ನೂ ಹೊಡೆಯದ ಮನುಷ್ಯ ನನ್ನ ಕೈಗೆ ಹೊಡೆದು, ಸ್ವಲ್ಪ ಹೊತ್ತಿಗೆ ಅದೇ ಕೈ ಮುಟ್ಟಿ, “ಇಲ್ಲಿ ಯಾಕ ಬಾತೈತಿ?” ಎಂದು ಕೇಳುತ್ತಿದ್ದರು.

ಆಗ ನಮ್ಮ ಓಣಿಯ ನರ್ಸಮ್ಮ ಒಂದು ಸುದ್ದಿ ತಂದಳು. ತಲೆಗೆ ಪೆಟ್ಟು ಬಿದ್ದವರನ್ನು ಪ್ರತಿ ಗುರುವಾರ ಕೊಪ್ಪಳದ ಆಸ್ಪತ್ರೆಯಲ್ಲಿ ಕೂಡಿಸಿ, ಸಿಟ್ಟನ್ನೂ ಮರೆವನ್ನೂ ಸಂಭಾಳಿಸುವುದು ಹೇಗೆಂದು ಹೇಳಿಕೊಡುತ್ತಾರಂತೆ. ಮನೆಯವರಿಗೂ ಹೇಳಿಕೊಡುತ್ತಾರಂತೆ. ಜಾಗ ಕಡಿಮೆ. ಅದಕ್ಕೆ ಮೊದಲು ಮನೆಗೇ ಬಂದು ಪ್ರಶ್ನೆ ಕೇಳಿ, ಅಂಕ ಹಾಕಿ, ಆಮೇಲೆ ಆರಿಸುತ್ತಾರೆ. ನನಗೆ ಆ ಗುರುವಾರ ಬೇಕಿತ್ತು. ಅನ್ನ ನೀರಿಗಿಂತ ಹೆಚ್ಚಾಗಿ ಬೇಕಿತ್ತು.

ಅಂಕ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅತ್ತೆಯವರು ಸೆರಗು ಸಿಕ್ಕಿಸಿದರು. ಗಂಗಾವತಿಯ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಮೈದುನ ರಜೆ ಹಾಕಿ ಬಸ್ ಹತ್ತಿ ಬಂದ.

“ಖರೇ ಇದ್ದದ್ದು ಹೇಳೂಣ್ರಿ,” ಎಂದೆ.

“ಹುಚ್ಚ ಅಂತ ಬರಕೊಂಡು ಹೋದ್ರ ನೌಕರಿ ಉಳಿತೈತೇನು?” ಎಂದರು ಅತ್ತೆ. “ನೀ ಚಹಾ ಅಷ್ಟ ಕೊಡು.”

ತಾಲೀಮು ಶುರುವಾಯಿತು. “ಸಿಟ್ಟ ಬರತೈತೇನು ಅಂದ್ರ ‘ಎಂದೂ ಇಲ್ರಿ’ ಅನ್ನು,” ಎಂದು ಮೈದುನ ಹೇಳಿಕೊಡುತ್ತಿದ್ದ. ನಮ್ಮವರು ವಿಧೇಯ ವಿದ್ಯಾರ್ಥಿಯಂತೆ ಅಂದರು. ಮರೆತರು. ಮತ್ತೆ ಅಂದರು. ಪ್ರಶ್ನೆ ಕೇಳುವವರು ಬರುವ ದಿನ ಗಡ್ಡ ಹೆರೆಸಿ, ಇಸ್ತ್ರಿ ಅಂಗಿ ತೊಡಿಸಿ, ಹೊಲಿಗೆಯ ಗುರುತು ಕಾಣದಂತೆ ಕೂದಲು ಬಾಚಿದರು. ಕುಕ್ಕರ್ ಅಟ್ಟ ಸೇರಿತು. ಇಂಥ ಕಾಳಜಿ ಬೇರೆ ದಿನ ಎಲ್ಲಿತ್ತೋ, ನಾನು ಕಾಣೆ.

ಪ್ರಶ್ನೆ ಕೇಳಲು ಬಂದದ್ದು ಬೆಂಗಳೂರು ಕಡೆಯ ಹುಡುಗಿ. ಒಳ್ಳೆಯವಳೇ. ಆದರೆ ಅವಳ ಪ್ರಶ್ನೆಗಳು ಪಠ್ಯಪುಸ್ತಕದಿಂದ ಎದ್ದು ಬಂದಂತಿದ್ದವು.

“ನಿಮ್ಮ ಈಗಿನ ಸ್ಥಿತಿಯನ್ನು ಒಪ್ಪಿಕೊಂಡಿದ್ದೀರಾ? ಯಾವಾಗಲೂ, ಕೆಲವೊಮ್ಮೆ, ಎಂದೂ ಇಲ್ಲ?”

“ಯಾವಾಗಲೂ ರಿ.”

“ಕಷ್ಟ ಬಂದಾಗ ಮನೆಯವರ ಮೇಲೆ ಕೋಪ ತೋರಿಸುತ್ತೀರಾ?”

“ಎಂದೂ ಇಲ್ರಿ.”

ಒಂದೊಂದು ಉತ್ತರಕ್ಕೂ ಅವರು ಕತ್ತೆತ್ತಿ ಅವಳ ಮುಖವನ್ನು ದಿಟ್ಟಿಸಿ ನೋಡುತ್ತಿದ್ದರು. ಮುಂದಿನ ಉತ್ತರ ನೆನಪಿಸಿಕೊಳ್ಳುತ್ತಿದ್ದಾರೆಂದು ನಾನು ತಿಳಿದೆ. ಅವಳು ಗುರುತು ಹಾಕುವುದರಲ್ಲಿ ಮಗ್ನಳಾಗಿದ್ದಳು. ಚಹಾ ಕೊಡುವ ನೆಪದಲ್ಲಿ ಬಾಗಿ, “ಅಕ್ಕಾರ, ಮೊನ್ನಿ ಏನಾತಂದ್ರ...” ಎಂದು ಶುರು ಮಾಡಿದೆ.

“ಆಕಿಗೇನೂ ತಿಳಿಯಂಗಿಲ್ರಿ, ನೀವ್ ಕೇಳ್ರಿ,” ಎಂದ ಮೈದುನ.

ಹುಡುಗಿ ನನ್ನತ್ತ ನಕ್ಕು, “ಇದಕ್ಕೆ ಪೇಷೆಂಟೇ ಉತ್ತರ ಕೊಡಬೇಕು ಅಮ್ಮ,” ಎಂದಳು. ನನ್ನ ಮೊಣಕೈ ಮೇಲೆ ಕಂದಿದ ಪೆಟ್ಟಿನ ಗುರುತು ಅವಳ ಕಣ್ಣೆದುರೇ ಇತ್ತು. ಅದರ ಬಗ್ಗೆ ಅವಳ ಹತ್ತಿರ ಪ್ರಶ್ನೆ ಇರಲಿಲ್ಲವೇನೋ.

ಕೆಲವು ವಾರಗಳ ಮೇಲೆ ನರ್ಸಮ್ಮ ಬಾಗಿಲಲ್ಲೇ ನಿಂತು ಹೇಳಿದಳು, “ನಿಮ್ಮವರದು ಭಾಳ ಛಲೋ ಬಂದೈತ್ರಿ. ಮನಸ್ಸು ಗಟ್ಟಿ ಐತಂತ. ಕಡಿಮಿ ಅಂಕ ಬಂದವರನ್ನ ಗುರುವಾರಕ್ಕ ತಗೊಂಡಾರ. ಇವರಿಗೆ ಬೇಕಾಗಿಲ್ಲಂತ.”

ಅತ್ತೆಯವರಿಗೆ ಕೇಳಿಸಿದ್ದು ಮೊದಲ ಮಾತಷ್ಟೇ. ಮಗ ಪಾಸಾದನೆಂದು ಓಣಿಗೆಲ್ಲ ಸಕ್ಕರೆ ಹಂಚಿದರು. ಆ ಸಕ್ಕರೆಯನ್ನು ಅವರ ಕೈಯಿಂದ ಕಸಿದು ಗಟಾರಕ್ಕೆ ಚೆಲ್ಲಬೇಕೆನಿಸಿತು. ಯಾವ ಲೋಕದಲ್ಲಿ ಬಿದ್ದವನನ್ನು ಎತ್ತುವ ಮೊದಲು ಅವನು ಎಷ್ಟು ಚೆನ್ನಾಗಿ ಬಿದ್ದಿದ್ದಾನೆಂದು ಕೇಳುತ್ತಾರೆ? ಕೇಳಿದರೂ, ಎದ್ದೇ ಇದ್ದೇನೆ ಎಂದು ಅವನ ಬಾಯಲ್ಲಿ ಹೇಳಿಸುವ ಮನೆ ಯಾವುದು? ನಮ್ಮದೇ.

ಅವತ್ತು ಸಂಜೆ ಚಹಾದ ಕಪ್ಪು ಗೋಡೆಗೆ ಬಿದ್ದು ಒಡೆಯಿತು. ನಾನು ಚೂರು ಆರಿಸುತ್ತಿದ್ದೆ. ಸಿಟ್ಟಿಳಿದು, ಬೆವರಿ, ಅವರು ನನ್ನ ಪಕ್ಕದಲ್ಲೇ ನೆಲಕ್ಕೆ ಕುಳಿತರು. ತುಂಬಾ ದಿನಗಳ ಮೇಲೆ ಮೊದಲಿನ ಮಾಸ್ತರರ ದನಿ ಬಂತು.

“ನಾ ಎಲ್ಲಾ ಸುಳ್ಳ ಹೇಳೀನಲ್ಲ,” ಎಂದರು. “ಪ್ರಶ್ನೆ ಕೇಳಾಕ ಬಂದಾಕಿಗೆ ಗೊತ್ತಾಗತೈತಿ ಅಂತ ತಿಳಕೊಂಡಿದ್ದೆ. ಇನ್‌ಸ್ಪೆಕ್ಟರಗ ಗೊತ್ತಾಗತಿತ್ತಲ್ಲ.”

“ನನಗ ಗೊತ್ತಿತ್ರಿ,” ಎಂದೆ.

ಅವರು ನನ್ನ ಮೊಣಕೈ ಹಿಡಿದು ಇನ್ನೂ ಪೂರ್ತಿ ಮಾಸದ ಆ ಗುರುತನ್ನೇ ನೋಡಿದರು. “ಮತ್ತ ನಿನ್ನ ಯಾರರ ಕೇಳಿದ್ರೇನು?”

ಇಲ್ಲ ಎಂದೆ.